ಮಾತು ಬಲ್ಲವರ ಊರಿನಲ್ಲಿ ಷೇಕ್ಸ್‌ಪಿಯರ್
(ಅಳದಂಗಡಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



1604ನೇ ಇಸವಿಯಲ್ಲಿ ನಮ್ಮ ಪಕ್ಕದ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಅರಸ ತಿಮ್ಮಣ್ಣ ಅಜಿಲರು ಸುಮಾರು 35 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದರು. ಅದೇ ವರ್ಷ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ, ಜೇಮ್ಸ್ ದೊರೆಯ ಆಸ್ಥಾನದಲ್ಲಿ ‘ಒಥೆಲೊ’ ನಾಟಕ ನಡೆಯಿತು. ಆ ನಾಟಕ ಆಡಿದ್ದರ ಬಗ್ಗೆ ಸಿಗುವ ಮೊದಲ ದಾಖಲೆ ಅದೇ. ಈ ಎರಡಕ್ಕೂ ಸಂಬಂಧವೇನಿಲ್ಲ. ಆದರೂ ಷೇಕ್ಸ್‌ಪಿಯರ್ ಎಂದರೆ ಪದವಿ ತರಗತಿಯ ಪಠ್ಯ, ಪರೀಕ್ಷೆಯ ಪ್ರಶ್ನೆ ಎಂದಷ್ಟೇ ತಿಳಿದವರಿಗೆ ಈ ಮಾತು ಹೇಳಬೇಕೆನಿಸುತ್ತದೆ: ಅವನು ಅಜಿಲರಸರ ಕಾಲದವನು. ಅರಮನೆಯ ಆಶ್ರಯ, ದಾಯಾದಿ ಮತ್ಸರ, ಪಟ್ಟಕ್ಕಾಗಿ ನಡೆಯುವ ಹೊಂಚು, ಇವು ಅವನ ನಾಟಕದಲ್ಲಿ ಬಂದಾಗ ಅದೇ ಅಜಿಲರ ಅಳದಂಗಡಿ ಅರಮನೆಯ ನೆರಳಿನಲ್ಲಿ ಬೆಳೆದ ನಮಗೆ ಅಪರಿಚಿತವಾಗಬೇಕಾಗಿಲ್ಲ.

ಅವನ ನಾಟಕಗಳಲ್ಲಿ ನನಗೆ ಪ್ರಿಯವಾದ ಕೆಲವನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ. ಅವು ಯಾಕೆ ಪ್ರಿಯ ಎಂಬುದಕ್ಕೆ ನನ್ನ ಉತ್ತರ ತಾಳಮದ್ದಳೆಯಿಂದ ಬಂದದ್ದು.

ಅವನ ನಾಟಕಗಳು ನಡೆದ, 1599ರಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿಯೇ ಆಟ. ಪರದೆಯ ಮೇಲೆ ಬರೆದ ಕಾಡು ಇರಲಿಲ್ಲ, ಇರುಳನ್ನು ತೋರಿಸುವ ದೀಪದ ತಂತ್ರ ಇರಲಿಲ್ಲ. ಹೆಣ್ಣಿನ ಪಾತ್ರಗಳನ್ನು ಹುಡುಗರು ಮಾಡುತ್ತಿದ್ದರು. ನಡುರಾತ್ರಿಯಾಗಿದೆ ಎಂದು ಪಾತ್ರ ಹೇಳಿದರೆ ಪ್ರೇಕ್ಷಕನಿಗೆ ನಡುರಾತ್ರಿ. ಬಯಲಾಟದಲ್ಲಿ ಒಂದು ಸುತ್ತು ಹಾಕಿ ಬಂದರೆ ಹಸ್ತಿನಾವತಿಯಿಂದ ದ್ವಾರಕೆ ಎಂದು ಒಪ್ಪುವ ನಮಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಯಕ್ಷಗಾನದ ಸ್ತ್ರೀವೇಷದಲ್ಲಿ ಕೋಳ್ಯೂರು ರಾಮಚಂದ್ರ ರಾಯರನ್ನು ಕಂಡವರಿಗೆ ಲಂಡನ್ನಿನ ಆ ಹುಡುಗರೂ ಸೋಜಿಗವಲ್ಲ. ತಾಳಮದ್ದಳೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಮಾತಿನಿಂದಲೇ ವಾಲಿಯಾಗಬೇಕು, ಕರ್ಣನಾಗಬೇಕು. ಬಾಣ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವುದನ್ನು ಗಂಟೆಗಟ್ಟಲೆ ಕೇಳಿ, ಯಾರ ವಾದಕ್ಕೆ ತೂಕ ಹೆಚ್ಚು ಎಂದು ಮಾರನೆಯ ದಿನವೂ ಚರ್ಚಿಸುವ ಜನ ನಾವು. ಷೇಕ್ಸ್‌ಪಿಯರನಿಗೆ ಬೇಕಾದ ಕಿವಿ ಇಂಥದು.

ಕನ್ನಡಕ್ಕೆ ಅವನು ಬಂದು ನೂರೈವತ್ತು ವರ್ಷಗಳ ಹತ್ತಿರವಾಯಿತು. ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ ಇಂಗ್ಲಿಷಿನಿಂದ ನೇರವಾಗಿ ಬಂದದ್ದಲ್ಲ, ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿಯ ದಾರಿಯಾಗಿ ಬಂತು. ಬಸಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ ಮಾಡಿದರು, ಶ್ರೀಕಂಠೇಶಗೌಡರು ‘ಮ್ಯಾಕ್‌ಬೆತ್’ಅನ್ನು ‘ಪ್ರತಾಪರುದ್ರದೇವ’ ಮಾಡಿದರು. ಕುವೆಂಪು ‘ಹ್ಯಾಮ್ಲೆಟ್’ಅನ್ನು ಬಿದನೂರಿನ ಇತಿಹಾಸದೊಳಕ್ಕೆ ತಂದು ‘ರಕ್ತಾಕ್ಷಿ’ ಬರೆದರು. ಮಾಸ್ತಿಯವರು ‘ಲಿಯರ್ ಮಹಾರಾಜ’ನನ್ನು ಕೊಟ್ಟರು, ಡಿ.ವಿ.ಜಿ.ಯವರು ‘ಮ್ಯಾಕ್‌ಬೆತ್’ ಅನುವಾದಿಸಿದರು. ಸುಳ್ಯ ತಾಲೂಕಿನ ಕಲ್ಮಡ್ಕದ ರಾಮಚಂದ್ರ ದೇವ ‘ಮ್ಯಾಕ್‌ಬೆತ್’, ‘ಹ್ಯಾಮ್ಲೆಟ್’ ಎರಡನ್ನೂ ಕನ್ನಡಿಸಿದ್ದಲ್ಲದೆ ಷೇಕ್ಸ್‌ಪಿಯರನನ್ನು ಎರಡು ಸಂಸ್ಕೃತಿಗಳ ನಡುವೆ ಇಟ್ಟು ಚಿಂತಿಸಿದರು. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಅವರನ್ನು ಇನ್ನಷ್ಟು ಓದಬೇಕು ಎಂಬುದು ನನ್ನ ಒತ್ತಾಯ.

ಹರ್ಷನಾಟಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ದ್ವಾದಶ ರಾತ್ರಿ’ ನನಗೆ ಇಷ್ಟ, ಅದರ ನಗುವಿನ ಅಡಿಯಲ್ಲಿ ಒಂದು ಒದ್ದೆ ದುಃಖವಿದೆ. ಪರ್ವತವಾಣಿಯವರ ‘ಬಹದ್ದೂರ್ ಗಂಡ’ದ ಮೂಲಕ, ಆಮೇಲೆ 1989ರ ‘ನಂಜುಂಡಿ ಕಲ್ಯಾಣ’ ಸಿನಿಮಾದ ಮೂಲಕ ಕನ್ನಡಿಗರೆಲ್ಲರಿಗೂ ಪರಿಚಯವಾದ ಗಯ್ಯಾಳಿಯನ್ನು ಪಳಗಿಸುವ ಅವನ ನಾಟಕದ ಕತೆ ನನಗೆ ಒಗ್ಗುವುದಿಲ್ಲ. ಹೆಣ್ಣನ್ನು ಉಪವಾಸ ಕೆಡವಿ, ನಿದ್ದೆ ಕೆಡಿಸಿ ಬಗ್ಗಿಸುವುದನ್ನು ನೋಡಿ ನಗಲು ನನಗೆ ಮನಸ್ಸಾಗದು.

‘ಮ್ಯಾಕ್‌ಬೆತ್’ಗೆ ಬರೋಣ. ಅದು ಈ ಸೀಮೆಗೆ ವಿಶೇಷವಾಗಿ ಸೇರಿದ್ದು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಶಾಲೆಯಲ್ಲಿ ಪಿ.ಕೆ. ನಾರಾಯಣರ ನಿರ್ದೇಶನದಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದರು, ಮುಂದೆ ಗುಬ್ಬಿ ಕಂಪನಿ ಸೇರಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಅಲ್ಲಿದ್ದಾಗ, 1979ರಲ್ಲಿ, ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ ‘ಬರ್ನಮ್ ವನ’ ಎಂಬ ಹೆಸರಿನಿಂದ ‘ಮ್ಯಾಕ್‌ಬೆತ್’ ಆಡಿಸಿದರು, ಅದೂ ಯಕ್ಷಗಾನದ ಶೈಲಿಯಲ್ಲಿ. ಮಂಚಿಯ ಹುಡುಗ ದೆಹಲಿಯಲ್ಲಿ ಕೂತು ಸ್ಕಾಟ್ಲೆಂಡಿನ ಕತೆಯನ್ನು ಹಿಂದಿಯಲ್ಲಿ ಮಾಡುವಾಗ ಕೈ ಚಾಚಿದ್ದು ತನ್ನ ನಾಡಿನ ಆಟದ ಕಡೆಗೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅವರು ನಾಟಕಕ್ಕೆ ನಾಯಕನ ಹೆಸರನ್ನು ಉಳಿಸದೆ ಕಾಡಿನ ಹೆಸರನ್ನಿಟ್ಟರು. ಅದು ಬಹು ದೊಡ್ಡ ವಿಮರ್ಶೆ. ಆಸೆಯೆಂಬ ಕಾಡು ಮ್ಯಾಕ್‌ಬೆತ್‌ನ ಒಳಗೇ ಬೆಳೆಯುತ್ತದೆ, ಕೊನೆಗೆ ಹೊರಗಿನ ಕಾಡು ಎದ್ದು ಅವನ ಕೋಟೆಗೆ ನಡೆದು ಬರುತ್ತದೆ. ಸೈನಿಕರು ರೆಂಬೆಗಳನ್ನು ಕಡಿದು ಹಿಡಿದುಕೊಂಡು ಬಂದದ್ದು ಎಂದು ನಮಗೆ ಗೊತ್ತು. ಗುಡ್ಡದ ಮೇಲೆ ಕಾವಲಿದ್ದ ದೂತನ ಬಾಯಿಂದ ಆ ಸುದ್ದಿ ಕೇಳುವ ಅವನಿಗೆ ಮಾತ್ರ ಅದು ವಿಧಿ. ನಮ್ಮ ಗಡಾಯಿಕಲ್ಲಿನ ಕೋಟೆಯನ್ನು ಕೆಳಗಿನಿಂದ ನೋಡುತ್ತ ಈ ಐದನೆಯ ಅಂಕವನ್ನು ಓದಬೇಕು. 1794ರಲ್ಲಿ ಟಿಪ್ಪು ಭದ್ರಪಡಿಸಿದ ಆ ಕೋಟೆಯೂ ಐದೇ ವರ್ಷಗಳಲ್ಲಿ ಅವನ ಕೈತಪ್ಪಿತು.

ಮ್ಯಾಕ್‌ಬೆತ್‌ಗೆ ಭವಿಷ್ಯ ನುಡಿಯುವ ಮಾಟಗಾತಿಯರ ಮಾತನ್ನು ನಮ್ಮ ದೈವದ ನುಡಿಗೆ ಹೋಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೈವ ಅಭಯ ಕೊಡುವಾಗ ಲೆಕ್ಕವನ್ನೂ ಕೇಳುತ್ತದೆ, ತಪ್ಪಿದ್ದರೆ ಗುತ್ತಿನ ಯಜಮಾನನನ್ನೂ ಸಭೆಯ ಎದುರೇ ತರಾಟೆಗೆ ತೆಗೆದುಕೊಳ್ಳುತ್ತದೆ. ಮಾಟಗಾತಿಯರು ಏನನ್ನೂ ಕೇಳುವುದಿಲ್ಲ. ಅವನಿಗೆ ಹಿತವಾದದ್ದನ್ನು, ಎರಡು ಅರ್ಥ ಬರುವಂತೆ ಹೇಳಿ ಮಾಯವಾಗುತ್ತಾರೆ. ಆ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿಸಿಕೊಂಡದ್ದು ಮ್ಯಾಕ್‌ಬೆತ್‌ನ ಕೆಲಸ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಸಂಗತಿ ಸಮೀಪಿಸಿತು. ನಾವು ಮಾತಿಗೆ ಮರುಳಾಗುವ ಜನ. ಷೇಕ್ಸ್‌ಪಿಯರನೂ ಮಾತಿನ ಮಾಂತ್ರಿಕ. ಆದರೆ ಅವನ ದೊಡ್ಡ ನಾಟಕಗಳಲ್ಲಿ ಚೆನ್ನಾದ ಮಾತೇ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ‘ಒಥೆಲೊ’ದಲ್ಲಿ ಅತ್ಯುತ್ತಮ ಅರ್ಥಧಾರಿ ಯಾರು? ಇಯಾಗೊ. ಎದುರಿನವರ ಮನಸ್ಸನ್ನು ಓದಿ, ಎಲ್ಲಿ ತಡೆಯಬೇಕು, ಎಲ್ಲಿ ಅರ್ಧಕ್ಕೆ ನಿಲ್ಲಿಸಬೇಕು ಎಂದು ಬಲ್ಲವನು. ಒಂದು ಕರವಸ್ತ್ರ ಮತ್ತು ಹದವರಿತ ಮೌನಗಳು, ಅಷ್ಟರಿಂದಲೇ ಒಬ್ಬ ಸೇನಾನಿಯ ಸಂಸಾರವನ್ನು ಸುಟ್ಟುಬಿಡುತ್ತಾನೆ. ನಮ್ಮ ಶಕುನಿಯ ಕೇಡಿಗೆ ಕೇಳುಗನಿಗೆ ಒಪ್ಪಿಗೆಯಾಗುವ ಕಾರಣವೊಂದನ್ನು ಅರ್ಥಧಾರಿಗಳು ಕಟ್ಟಿಕೊಡುತ್ತಾರೆ. ಇಯಾಗೊ ಒಂದಲ್ಲ, ಹಲವು ಕಾರಣ ಹೇಳುತ್ತಾನೆ, ಯಾವುದೂ ಸಾಲುವುದಿಲ್ಲ. ಕೊನೆಗೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದಾಗ ಇನ್ನು ಬಾಯಿ ಬಿಡುವುದಿಲ್ಲ ಎಂದು ಸುಮ್ಮನಾಗುತ್ತಾನೆ. ಅಷ್ಟು ಮಾತಾಡಿದವನ ಆ ಮೌನ ಇಡೀ ನಾಟಕದಲ್ಲಿ ಅತ್ಯಂತ ಭೀಕರ.

‘ಲಿಯರ್’ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ನಾಟಕ. ಮುದಿ ದೊರೆ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ಹೊರಡುತ್ತಾನೆ. ಯಾರು ನನ್ನನ್ನು ಎಷ್ಟು ಪ್ರೀತಿಸುತ್ತೀರಿ, ಸಭೆಯಲ್ಲಿ ಹೇಳಿ ಎನ್ನುತ್ತಾನೆ. ಹಿರಿಯವರಿಬ್ಬರು ಸೊಗಸಾಗಿ ಹೇಳಿ ಪಾಲು ಪಡೆಯುತ್ತಾರೆ. ಕಿರಿಯವಳಾದ ಕಾರ್ಡೀಲಿಯಾ ಹೇಳಲು ಏನೂ ಇಲ್ಲ ಎನ್ನುತ್ತಾಳೆ, ಪಾಲಿಲ್ಲದೆ ಹೊರಟುಹೋಗುತ್ತಾಳೆ. ಮುದುಕ ತನ್ನ ಪರಿವಾರವಾಗಿ ನೂರು ಜನ ಸವಾರರನ್ನು ಇಟ್ಟುಕೊಂಡು, ಇಬ್ಬರು ಮಕ್ಕಳ ಮನೆಯಲ್ಲಿ ಒಂದೊಂದು ತಿಂಗಳು ಸರದಿಯಂತೆ ಇರುತ್ತೇನೆ ಎಂದುಕೊಂಡಿರುತ್ತಾನೆ. ಮಕ್ಕಳು ನೂರನ್ನು ಐವತ್ತಕ್ಕೆ ಇಳಿಸುತ್ತಾರೆ, ಐವತ್ತನ್ನು ಇಪ್ಪತ್ತೈದಕ್ಕೆ. ಆಮೇಲೆ ಹತ್ತಾದರೂ ಯಾಕೆ, ಐದಾದರೂ ಯಾಕೆ, ಒಬ್ಬನಾದರೂ ಯಾಕೆ ಬೇಕು? ಚೌಕಾಸಿಯ ಈ ದೃಶ್ಯದಲ್ಲಿ ಕತ್ತಿ ಎತ್ತುವುದಿಲ್ಲ, ರಕ್ತ ಹರಿಯುವುದಿಲ್ಲ. ಒಬ್ಬ ತಂದೆ ಲೆಕ್ಕದಲ್ಲಿ ಕರಗಿ ಸೊನ್ನೆಯಾಗುತ್ತಾನೆ.

ಅಳಿಯಸಂತಾನದ ನಾಡಿನಲ್ಲಿ ನಿಂತು ಇದನ್ನು ಓದಿದರೆ ಬೇರೆಯೇ ಒಂದು ಬಾಗಿಲು ತೆರೆಯುತ್ತದೆ. ನಮ್ಮ ಹಳೆಯ ಕಟ್ಟಿನಲ್ಲಿ ಭೂಮಿ ತಾಯಿಯ ಸಂತಾನದ್ದು. ಯಜಮಾನ ಅದನ್ನು ನೋಡಿಕೊಳ್ಳುವವನೇ ಹೊರತು ಮಕ್ಕಳಿಗೆ ಹಂಚಿಕೊಡುವವನಲ್ಲ, ಅವನ ಪಟ್ಟ ಸಲ್ಲುವುದು ಸೋದರಳಿಯನಿಗೆ. ಹೆಣ್ಣು ಆಸ್ತಿಯ ಬೇರು, ರಾಣಿಯರು ಆಳಿದ್ದೂ ಇಲ್ಲಿ ಉಂಟು. ಆ ಕಣ್ಣಿಗೆ ಲಿಯರ್ ತನ್ನದೆಂದು ಭಾವಿಸಿ ಭೂಪಟದ ಮೇಲೆ ಗೆರೆ ಎಳೆಯುವುದೇ ಮೊದಲ ಅಹಂಕಾರವಾಗಿ ಕಾಣುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಬಳಿಕ ನಮ್ಮ ಕೂಡುಕುಟುಂಬಗಳಲ್ಲೂ ಪಾಲು ಆಯಿತು. ಪಾಲುಪಟ್ಟಿ ಬರೆದ ದಿನ ಯಾರು ಏನು ಮಾತಾಡಿದರು, ಯಾರು ಮಾತಾಡದೆ ಎದ್ದುಹೋದರು ಎಂಬುದು ಹಲವು ಮನೆಗಳಲ್ಲಿ ಇಂದಿಗೂ ಜೀವಂತವಾಗಿರುವ ಸಂಗತಿ. ಅಂಥ ಮನೆಯವರಿಗೆ ಲಿಯರ್ ಪರದೇಶದ ಕತೆಯಲ್ಲ.

ಒಂದು ನಿಜವಾದ ತೊಡಕಿದೆ. ನಮ್ಮ ಆಟ, ಕೂಟಗಳಿಗೆ ಕೊನೆಯಲ್ಲಿ ಮಂಗಳ ಪದ ಬೇಕು. ಲಿಯರನ ಕೊನೆಯಲ್ಲಿ ಮಂಗಳ ಎಲ್ಲಿದೆ? ಸತ್ತ ಮಗಳನ್ನು ಎತ್ತಿಕೊಂಡು ಮುದುಕ ಬರುತ್ತಾನೆ, ತಾನೂ ಸಾಯುತ್ತಾನೆ. ಇಂಗ್ಲಿಷರಿಗೇ ಇದನ್ನು ತಾಳಿಕೊಳ್ಳಲು ಆಗಲಿಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬುವನು ಕಾರ್ಡೀಲಿಯಾಳನ್ನು ಬದುಕಿಸಿ ಮದುವೆ ಮಾಡಿಸುವಂತೆ ತಿದ್ದಿದ. 1838ರಲ್ಲಿ ನಟ ಮ್ಯಾಕ್ರೆಡಿ ಮೂಲ ನಾಟಕವನ್ನು ಮತ್ತೆ ತರುವ ತನಕ ರಂಗದ ಮೇಲೆ ಬಹುಕಾಲ ಆ ಸುಖಾಂತವೇ ಮೆರೆಯಿತು. ನಾವು ಅಷ್ಟು ಹೆದರಬೇಕಾಗಿಲ್ಲ. ಅಭಿಮನ್ಯುವಿನ ಸಾವನ್ನು, ಕರ್ಣನ ಅವಸಾನವನ್ನು ಬೆಳಗಿನ ಜಾವದಲ್ಲಿ ಕಣ್ಣೊರೆಸಿಕೊಂಡು ಕೇಳಿದ ಮೇಲೆಯೇ ನಾವು ಮಂಗಳ ಹಾಡಿದ್ದೇವೆ. ನೆರೆಯ ಕೇರಳದ ಕಥಕಳಿ 1989ರಲ್ಲಿಯೇ ಲಿಯರನನ್ನು ರಂಗಕ್ಕೆ ತಂದಿತು.

ಆದ್ದರಿಂದ ಈ ಸಭೆಯಲ್ಲಿರುವ ಹವ್ಯಾಸಿ ಸಂಘದವರಲ್ಲಿ ನನ್ನದೊಂದು ಬಿನ್ನಹ. ಒಂದು ರಾತ್ರಿ ‘ಲಿಯರ್’ ತಾಳಮದ್ದಳೆಯಾಗಲಿ. ಮಾಸ್ತಿಯವರ ಅನುವಾದ ಎದುರಿಗಿರಲಿ, ಪದಗಳನ್ನು ನಮ್ಮ ಪ್ರಸಂಗಕರ್ತರು ಹೊಸದಾಗಿ ಕಟ್ಟಲಿ. ಲಿಯರ್ ಅಲೆಯುವ ಬಿರುಗಾಳಿಯ ದೃಶ್ಯಕ್ಕೆ ಚೆಂಡೆ ಇದೆ. ಲಿಯರ್, ಅವನಿಗೆ ನಿಷ್ಠನಾದ ಕೆಂಟ್, ವಿದೂಷಕ, ಹಿರಿಯ ಹೆಣ್ಣುಮಕ್ಕಳು, ಇವರ ಅರ್ಥಕ್ಕೆ ಸಮರ್ಥರು ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಧಾರಾಳ ಸಿಗುತ್ತಾರೆ. ಕಷ್ಟವಿರುವುದು ಕಾರ್ಡೀಲಿಯಾಳ ಅರ್ಥದಲ್ಲಿ. ಮಾತು ತುಂಬಿರುವಾಗಲೂ ಒಂದೆರಡು ವಾಕ್ಯಕ್ಕೆ ನಿಲ್ಲಿಸಿ, ಎದುರು ಅರ್ಥಧಾರಿಗೆ ಸೋತವರಂತೆ ಕಂಡು, ಸಭೆಯ ಚಪ್ಪಾಳೆಯನ್ನು ಬಿಟ್ಟುಕೊಡಬಲ್ಲವರು ಬೇಕು. ಅಂಥವರು ಯಾರೆಂದು ನಿಮಗೆ ಗೊತ್ತಿದ್ದರೆ ಇಂದೇ ಸಂಘದವರಿಗೆ ಹೆಸರು ಹೇಳಿ ಹೋಗಿ.