ನೋಟುಪುಸ್ತಕದ ಹಾಳೆ ಹರಿಯಬೇಡಿ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಡಿದ ಭಾಷಣ)



ನಮ್ಮ ವಿದ್ಯಾರ್ಥಿವೇತನದಲ್ಲಿ ಓದುತ್ತಿರುವ ಮೂವರು ಮಕ್ಕಳು ರೋಬೊಟಿಕ್ಸ್ ಸ್ಪರ್ಧೆಗೆಂದು ಹುಬ್ಬಳ್ಳಿಗೆ ಹೊರಟಿದ್ದಾರೆ. ಶಿರಸಿಯ ಹುಡುಗ ಒಬ್ಬ, ಸಿದ್ದಾಪುರದವ ಒಬ್ಬ, ಯಲ್ಲಾಪುರದ ಹುಡುಗಿ ಒಬ್ಬಳು. ಶಾಲೆಯಿಂದ ನಿವೃತ್ತರಾದ ನಾವು ಕೆಲವರು ಭಾನುವಾರ ಅವರ ಜೊತೆ ಕೂರುತ್ತೇವೆ. ಯಂತ್ರದ ವಿದ್ಯೆಯಲ್ಲಿ ಅವರು ನಮಗಿಂತ ಮುಂದಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಎರಡು ಕೆಲಸ, ಪ್ರದರ್ಶನದ ಫಲಕ ಮತ್ತು ನೋಟುಪುಸ್ತಕ.

ರೋಬೊಟ್ ಎಂದರೆ ಸಿನಿಮಾದ ಕಬ್ಬಿಣದ ಮನುಷ್ಯ ಎಂದು ಕೆಲವು ತಂದೆತಾಯಿ ತಿಳಿದಿದ್ದಾರೆ. ಇವರದು ಹಾಗಲ್ಲ. ಅಂಗಳದಲ್ಲಿ ಚಾಲಿ ಅಡಿಕೆ ಒಣಗಿಸಲು ಹೆಚ್ಚುಕಡಿಮೆ ನಲವತ್ತು ದಿನದ ಬಿಸಿಲು ಬೇಕು. ನಡುವೆ ಅಕಾಲದ ಮಳೆ ಬಂದರೆ ಬೂಸರು ಹಿಡಿದು ದರ ಬೀಳುತ್ತದೆ. ಮಳೆಹನಿ ಬಿದ್ದದ್ದನ್ನು ತಿಳಿದು ತಾನೇ ತಾಡಪಾಲು ಎಳೆದು ಮುಚ್ಚುವ ಒಂದು ಮಾದರಿಯನ್ನು ಮಕ್ಕಳು ಮಾಡಿದ್ದಾರೆ.

ಇಂಥ ಸ್ಪರ್ಧೆಗಳು ಜಗತ್ತಿನಲ್ಲೆಲ್ಲ ನಡೆಯುತ್ತವೆ. ವರ್ಲ್ಡ್ ರೋಬೊಟ್ ಒಲಿಂಪಿಯಾಡ್ 2004ರಲ್ಲಿ ಸಿಂಗಾಪುರದಲ್ಲಿ ಆರಂಭವಾಯಿತು, 2016ರಲ್ಲಿ ದೆಹಲಿಗೂ ಬಂದಿತ್ತು. ಹೊಸ ಉಪಾಯಗಳನ್ನು ತೋರಿಸುವ ಅದರ ವಿಭಾಗದಲ್ಲಿ ತಂಡಕ್ಕೆ ಇಬ್ಬರು ಅಥವಾ ಮೂವರು ಮಕ್ಕಳು, ಮಳಿಗೆಗೆ ಎರಡು ಮೀಟರ್ ಉದ್ದಗಲದ ಜಾಗ. ನಾವು ಅದೇ ಅಳತೆಯ ಚೌಕವನ್ನು ನಮ್ಮ ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದು ಮಕ್ಕಳನ್ನು ಅದರೊಳಗೆ ನಿಲ್ಲಿಸಿದೆವು. ಮೇಜು, ಮಾದರಿ, ಫಲಕ, ಮೂವರು ಮಕ್ಕಳು ಇಷ್ಟಕ್ಕೇ ಜಾಗ ಮುಗಿಯಿತು! ಫಲಕದಲ್ಲಿ ಬರೆಯಬೇಕೆಂದಿದ್ದ ಅರ್ಧದಷ್ಟು ವಾಕ್ಯಗಳು ಅಲ್ಲೇ ಬಿದ್ದುಹೋದವು. ಎಂಟು ಹೆಜ್ಜೆ ದೂರದಿಂದ ಓದಲಾಗದ ಅಕ್ಷರ ಫಲಕದ ಮೇಲೆ ಇರಬಾರದು ಎಂದು ಮಕ್ಕಳೇ ನಿಯಮ ಮಾಡಿಕೊಂಡರು.

ನಮ್ಮ ದಾನಿಗಳಲ್ಲೊಬ್ಬರು, ಮರದ ವ್ಯಾಪಾರದ ಹಿರಿಯರು, ಇಡೀ ಫಲಕವನ್ನು ಹುಬ್ಬಳ್ಳಿಯಲ್ಲಿ ಇಂಗ್ಲಿಷಿನಲ್ಲಿ ಫ್ಲೆಕ್ಸ್ ಮಾಡಿಸಿ ಕೊಡುತ್ತೇನೆ ಎಂದರು. ಪ್ರೀತಿಯ ಮಾತು. ಆದರೂ ಬೇಡ ಎಂದೆವು. ಫ್ಲೆಕ್ಸಿನ ಮೇಲಿನ ಇಂಗ್ಲಿಷ್ ಪದವೊಂದನ್ನು ತೋರಿಸಿ ತೀರ್ಪುಗಾರರು ಅರ್ಥ ಕೇಳಿದರೆ, ಆ ಕ್ಷಣ ತಲೆ ತಗ್ಗಿಸಿ ನಿಲ್ಲಬೇಕಾದದ್ದು ಅಂಗಡಿಯವನಲ್ಲ, ನಮ್ಮ ಮಗು. ಅವರು ಬೇಸರಿಸದೆ ಪ್ಲೈವುಡ್ ಕಳಿಸಿಕೊಟ್ಟರು. ಬಸ್ಸಿನಲ್ಲಿ ಹಿಡಿಸುವಂತೆ ಅದನ್ನು ಎರಡು ತುಂಡು ಮಾಡಿ ನಡುವೆ ಬಿಜಾಗರಿ ಹಾಕಿದ್ದೇವೆ.

ಇನ್ನು ನೋಟುಪುಸ್ತಕ. ಮೊದಲು ಮಾಡಿದ್ದೇನು, ಯಾಕೆ ಬದಲಿಸಿದಿರಿ ಎಂದು ತೀರ್ಪುಗಾರರು ಕೇಳುತ್ತಾರೆ. ಅದಕ್ಕೆ ಉತ್ತರ ಇರುವುದು ಇದರಲ್ಲಿ. ಪ್ರತಿ ಪುಟಕ್ಕೂ ತಾರೀಕು, ಅಂದು ಕೆಲಸ ಮಾಡಿದವರ ಹೆಸರು, ಮಾಡಿದ್ದು, ಆದದ್ದು. ಒಂದು ಪುಟದಲ್ಲಿ ಹೀಗಿದೆ: ಮೋಟಾರು ತಿರುಗಿದ ಕೂಡಲೇ ಬೋರ್ಡು ಆರಿಹೋಗಿ ಮತ್ತೆ ಶುರುವಾಗುತ್ತದೆ. ಮೂರು ಪುಟ ಬಿಟ್ಟು ಕಾರಣ ಸಿಕ್ಕಿದೆ. ಮೋಟಾರು ಹೊರಡುವಾಗ ಹೆಚ್ಚು ಕರೆಂಟು ಎಳೆಯುತ್ತದೆ, ಅದೇ ಬ್ಯಾಟರಿಯಲ್ಲಿದ್ದ ಬೋರ್ಡಿಗೆ ಸಾಲದೆ ಬರುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು ಎರಡರ ನೆಗೆಟಿವ್ ತಂತಿ ಸೇರಿಸಿದರು, ಸರಿಯಾಯಿತು.

ಮುಂದಿನದು ಇಬ್ಬನಿಯ ತಕರಾರು. ಮಳೆ ತಿಳಿಯುವ ಸಂವೇದಕ ಒಣಗಿದ್ದಾಗ 1023ರ ಹತ್ತಿರದ ಅಂಕಿ ತೋರಿಸುತ್ತದೆ, ನೀರು ಬಿದ್ದಷ್ಟೂ ಅಂಕಿ ಇಳಿಯುತ್ತದೆ. ಬೆಳಗಿನ ಇಬ್ಬನಿಗೂ ಅಂಕಿ ಇಳಿದು ತಾಡಪಾಲು ಮುಚ್ಚಿಕೊಳ್ಳುತ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡರು. ಕೊನೆಗೆ ದಾರಿ ತೋರಿಸಿದ್ದು ಹುಡುಗಿಯ ಅಮ್ಮ. ಅವರು ಅಡಿಕೆ ಸುಲಿಯಲು ಹೋಗುವವರು. "ರಾತ್ರಿ ಹೇಗೂ ಅಡಿಕೆ ರಾಶಿ ಮಾಡಿ ಮುಚ್ಚಿರ್ತೀವಲ್ಲ ಸರ್, ಇಬ್ಬನಿ ಹೊತ್ತಿಗೆ ಈ ಯಂತ್ರ ಯಾಕೆ ಎದ್ದು ಕೂತಿರಬೇಕು?" ಎಂದರು. ಈಗ ಬಿಸಿಲು ಬಂದ ಮೇಲೆಯೇ ಅದು ಎಚ್ಚರವಾಗುತ್ತದೆ. ಅಡಿಕೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಸಿಪ್ಪೆಯೊಳಗೆ ಗಲಗಲ ಎಂದರೆ ಒಣಗಿದೆ ಎಂದು ಅವರು ಹೇಳಿದ್ದೂ ಪುಸ್ತಕದಲ್ಲಿದೆ, ಹೇಳಿದವರ ಹೆಸರಿನ ಸಮೇತ.

ಈ ಪುಟಗಳನ್ನೇ ಹುಡುಗಿ ಹರಿಯಲು ಹೊರಟಿದ್ದಳು. ಶಾಯಿ ಚೆಲ್ಲಿದೆ, ಕಾಟುಗಳಿವೆ, ಅಬ್ಬಾ ಹೊಸ ಪುಸ್ತಕದಲ್ಲಿ ಅಂದವಾಗಿ ಬರಿ ಎಂದಿದ್ದಾರೆ ಎಂದಳು. ಅವಳ ಅಬ್ಬಾ ಇಲ್ಲೇ ಕುಳಿತಿದ್ದಾರೆ, ಕ್ಷಮಿಸಬೇಕು. ಹತ್ತು ಸಲ ಸೋತ ಗುರುತು ಅಳಿಸಿದರೆ ಉಳಿಯುವುದು ಯಾರೋ ಮಾಡಿಕೊಟ್ಟ ವಸ್ತುವಿನಂತೆ ಕಾಣುತ್ತದೆ. ಬಡಮನೆಯ ಮಗುವಿನ ಕೆಲಸದ ಮೇಲೆ ಆ ಅನುಮಾನ ಬೇಗ ಬರುತ್ತದೆ ಎಂಬುದನ್ನು ನಾವು ಇಷ್ಟು ವರ್ಷ ನೋಡಿದ್ದೇವೆ. ಆ ಕಾಟುಗಳೇ ಅವಳ ಸಾಕ್ಷಿ.

ಬರೆದಿಡುವ ಈ ಪದ್ಧತಿ ಹೊಸದೇನಲ್ಲ. ಈಗಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರಮನೆಯ ಕುಶಲಕರ್ಮಿಯಾಗಿದ್ದ ಅಲ್-ಜಝರಿ 1206ರಲ್ಲಿ ಐವತ್ತು ಯಂತ್ರಗಳ ಪುಸ್ತಕ ಮುಗಿಸಿದರು. ನೀರಿನ ಗಡಿಯಾರ, ನೀರೆತ್ತುವ ಯಂತ್ರ, ಎಲ್ಲಕ್ಕೂ ಚಿತ್ರ, ಭಾಗಗಳ ವಿವರ, ಜೋಡಿಸುವ ಕ್ರಮ. ಅದನ್ನು ಓದಿಕೊಂಡೇ 1976ರಲ್ಲಿ ಲಂಡನ್ನಿನಲ್ಲಿ ಅವರ ದೊಡ್ಡ ಗಡಿಯಾರವೊಂದನ್ನು ಮತ್ತೆ ಕಟ್ಟಿದರು. ಹುಡುಗಿಗೆ ಇದನ್ನು ಹೇಳಿದಾಗ, "ಅವರದರಲ್ಲೂ ಕಾಟು ಇತ್ತಾ ಸರ್?" ಎಂದು ಕೇಳಿದಳು. ಹಾಳೆಗಳು ಮಾತ್ರ ಉಳಿದವು.

ದಾನಿಗಳಿಗೆ ಖರ್ಚಿನ ಮಾತು. ಬಿಡಿಭಾಗಗಳಿಗೆ ಹೆಚ್ಚೇನೂ ಆಗಿಲ್ಲ. ಹೆಣ್ಣುಮಗುವಿನ ಜೊತೆ ಅಮ್ಮ ಬರಲೇಬೇಕು ಎಂದು ಮನೆಯವರು ಹೇಳಿದ್ದಾರೆ, ಅದು ಸರಿಯೇ. ಶಕ್ತಿ ಯೋಜನೆಯಿಂದಾಗಿ ಅವರಿಬ್ಬರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಆದರೆ ಸುಲಿಯುವ ಕಾಲದಲ್ಲಿ ಎರಡು ದಿನದ ಕೂಲಿ ತಪ್ಪುತ್ತದೆ. ಆ ಕೂಲಿಯನ್ನು ಟ್ರಸ್ಟ್ ಕೊಡಬೇಕೆಂದು ನಾವು ಕೇಳಿದ್ದೇವೆ, ಅಧ್ಯಕ್ಷರು ಒಪ್ಪಿದ್ದಾರೆ. ಲೆಕ್ಕದಲ್ಲಿ ಅದು "ಪ್ರಯಾಣ" ಎಂದಲ್ಲ, "ತಾಯಿಯ ಕೂಲಿ" ಎಂದೇ ಇರಲಿ.

ಪೋಷಕರಿಗೆ ಒಂದು ಸೂಚನೆ. ಮುಂದಿನ ವರ್ಷದ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವ ಮಕ್ಕಳು ಅಂಕಪಟ್ಟಿಯ ಜೊತೆ, ತಾವು ಏನಾದರೂ ಮಾಡಿನೋಡಿದ್ದರೆ ಅದರ ನೋಟುಪುಸ್ತಕವನ್ನೂ ತರಲಿ. ಕನ್ನಡವೋ ಉರ್ದುವೋ, ಯಾವುದಾದರೂ ಆದೀತು. ಹೊಸದಾಗಿ ನಕಲು ಮಾಡಿಸಬೇಡಿ.