ಜಾಡಿಯ ಮೈಮೇಲಿನ ಹೆಸರು: ಅಮೆರಿಕದ ಹಳೆಯ ವಿಸ್ಕಿ ಜಾಡಿಗಳ ಸಂಗ್ರಹ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವಿಸ್ಕಿ ಭಟ್ಟಿಯಿಂದ ಹೊರಡುತ್ತಿದ್ದುದು ಬಹುಮಟ್ಟಿಗೆ ಮರದ ಪೀಪಾಯಿಗಳಲ್ಲಿ. ಊರೂರಿನ ಮದ್ಯದ ವರ್ತಕರು ಅದನ್ನು ಅಳೆದು, ಕಿರುಬಾಯಿಯ, ಒಂದು ಹಿಡಿಯುಳ್ಳ ಜಾಡಿಗಳಿಗೆ ತುಂಬಿ, ಬಿರಡೆ ಒತ್ತಿ ಗಿರಾಕಿಗಳಿಗೆ ಕೊಡುತ್ತಿದ್ದರು. ಕೈಯಿಂದ ಊದಿ ತಯಾರಿಸಬೇಕಾಗಿದ್ದ ಗಾಜಿನ ಸೀಸೆ ದುಬಾರಿಯಾಗಿದ್ದುದರಿಂದ, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಗಟ್ಟಿಮುಟ್ಟಾದ ಜಾಡಿಯೇ ಈ ವ್ಯಾಪಾರಕ್ಕೆ ಒದಗಿಬಂದಿತು. ಇಂದು ಸಂಗ್ರಾಹಕರು ಅರಸುವ ಈ ಜಾಡಿಗಳ ನಿಜವಾದ ಬೆಲೆ ಇರುವುದು ಅಂದಕ್ಕಿಂತ ಹೆಚ್ಚಾಗಿ ಅವುಗಳ ಮೈಮೇಲಿನ ಬರಹದಲ್ಲಿ.

ಇವು ಸ್ಟೋನ್‌ವೇರ್ ಬಗೆಗೆ ಸೇರಿದವು, ಅಂದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೀರಿದ ಶಾಖದಲ್ಲಿ ಸುಟ್ಟು, ದ್ರವ ಒಸರದಷ್ಟು ಗಟ್ಟಿಗೊಳಿಸಿದ ಮಣ್ಣಿನವು. ಹಳೆಯ ಜಾಡಿಗಳಲ್ಲಿ ಉಪ್ಪಿನ ಮೆರುಗು ಕಾಣುತ್ತದೆ: ಆವಿಗೆಯ ಶಾಖ ತುತ್ತತುದಿ ಮುಟ್ಟಿದಾಗ ಒಳಗೆ ಉಪ್ಪೆಸೆದರೆ, ಅದರ ಸೋಡಿಯಂ ಆವಿಯಾಗಿ ಮಣ್ಣಿನ ಸಿಲಿಕದೊಡನೆ ಕೂಡಿ ತೆಳುವಾದ ಗಾಜಿನ ಪದರವಾಗುತ್ತದೆ, ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿಗಳು ತಾಗುತ್ತವೆ. ಒಳಮೈಗೆ ಹಡ್ಸನ್ ನದಿಯ ಬದಿಯ ಆಲ್ಬನಿಯ ಜೇಡಿಯನ್ನು ಬಳಿಯುತ್ತಿದ್ದರು. ಸುಟ್ಟಾಗ ಅದು ಗಾಢ ಕಂದುಬಣ್ಣ ತಳೆಯುತ್ತದೆ. ಶತಮಾನದ ಕೊನೆಗೆ ಬ್ರಿಸ್ಟಲ್ ಎಂಬ, ಸತು ಬೆರೆತ ಬಿಳಿ ಮೆರುಗು ಬಳಕೆಗೆ ಬಂದು, ಹೆಗಲಿನವರೆಗೆ ಕಂದು, ಅಲ್ಲಿಂದ ಕೆಳಗೆ ಬಿಳಿಯಾದ ಜಾಡಿಗಳು ಹಬ್ಬಿದವು. ಕನ್ನಡನಾಡಿನ ಉಪ್ಪಿನಕಾಯಿ ಜಾಡಿಯನ್ನು ಕಂಡವರಿಗೆ ಈ ರೂಪ ಹೊಸತೆನಿಸದು.

ಆ ಬಿಳಿಯ ಭಾಗದಲ್ಲಿ ಅಚ್ಚು ಇಟ್ಟು ಬಳಿದ ಅಥವಾ ಮುದ್ರೆಯೊತ್ತಿದ ಅಕ್ಷರಗಳಲ್ಲಿ ಕಾಣುವುದು ಹೆಚ್ಚಾಗಿ ಮಾರಿದವನ ಹೆಸರು ಮತ್ತು ಊರು; ಭಟ್ಟಿಯ ಹೆಸರು ಕಡಿಮೆ. ಟೆನೆಸಿಯ ಲಿಂಚ್‌ಬರ್ಗಿನ ಜ್ಯಾಕ್ ಡೇನಿಯಲ್ ತನ್ನದೇ ಹೆಸರು ಬರೆದ ಜಾಡಿಗಳಲ್ಲಿ ಮಾರಿದಂಥ ನಿದರ್ಶನಗಳಿದ್ದರೂ, ಸಾಮಾನ್ಯವಾಗಿ ಗಿರಾಕಿ ನಂಬಬೇಕಾಗಿದ್ದುದು ಅಂಗಡಿಯವನನ್ನೇ. ಪೀಪಾಯಿಗೂ ಜಾಡಿಗೂ ನಡುವೆ ನೀರು, ಬಣ್ಣ, ಅಗ್ಗದ ಸ್ಪಿರಿಟ್ ಸೇರುವುದಕ್ಕೆ ಬೇಕಾದಷ್ಟು ಅವಕಾಶವಿತ್ತು.

ಜಾಡಿಯ ಅವನತಿಗೆ ಈ ನಂಬಿಕೆಯ ಪ್ರಶ್ನೆಯೂ ಕಾರಣವಾಯಿತು. 1870ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ತನ್ನ ವಿಸ್ಕಿಯನ್ನು ಮುದ್ರೆಯೊತ್ತಿದ ಗಾಜಿನ ಸೀಸೆಗಳಲ್ಲಿ ಮಾತ್ರ ಮಾರಲಾರಂಭಿಸಿದನು. 1897ರ ಬಾಟಲ್ಡ್-ಇನ್-ಬಾಂಡ್ ಕಾಯಿದೆಯು ಸರ್ಕಾರದ ಮೇಲ್ವಿಚಾರಣೆಯ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಮಾಗಿದ ವಿಸ್ಕಿಗೆ ಸರ್ಕಾರಿ ಮುದ್ರೆಯ ಖಾತರಿ ನೀಡಿತು. 1906ರ ಶುದ್ಧ ಆಹಾರ ಮತ್ತು ಔಷಧ ಕಾಯಿದೆಯು ಕಲಬೆರಕೆಗೂ ಸುಳ್ಳು ಹೆಸರುಪಟ್ಟಿಗೂ ತಡೆಯೊಡ್ಡಿತು. ಅಷ್ಟರಲ್ಲಿ ಮೈಕಲ್ ಓವೆನ್ಸನ ಸ್ವಯಂಚಾಲಿತ ಯಂತ್ರದಿಂದಾಗಿ ಸೀಸೆಯೂ ಅಗ್ಗವಾಗತೊಡಗಿತ್ತು. 1920ರ ಜನವರಿಯಲ್ಲಿ ಜಾರಿಗೆ ಬಂದ ಪಾನನಿಷೇಧ 1933ರ ಡಿಸೆಂಬರಿನಲ್ಲಿ ರದ್ದಾಗುವ ಹೊತ್ತಿಗೆ, ಜಾಡಿಗಳ ಮೇಲೆ ಹೆಸರಿದ್ದ ಎಷ್ಟೋ ಅಂಗಡಿಗಳು ಶಾಶ್ವತವಾಗಿ ಮುಚ್ಚಿಹೋಗಿದ್ದವು.

ಆದ್ದರಿಂದ ಸಂಗ್ರಾಹಕನ ಮೊದಲ ಕೆಲಸ ಬರಹವನ್ನು ಪರೀಕ್ಷಿಸುವುದು. ಹಳೆಯ ಬರಹ ಮೆರುಗಿನೊಡನೆ ಬೆಂದು ಒಂದಾಗಿರುತ್ತದೆ. ಬರಿಯ ಜಾಡಿಯ ಮೇಲೆ ಈಚೆಗೆ ಬಳಿದ ಹೆಸರು ಮೆರುಗಿನ ಮೇಲೆಯೇ ಉಳಿದು ಉಗುರಿಗೆ ತಾಗಬಹುದು. ಬಿರುಕು ಮುಚ್ಚಿದ ತೇಪೆ ಅತಿನೇರಳೆ ಬೆಳಕಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತದೆ. ಎರಡನೆಯದು, ಜಾಡಿಯ ಮೇಲಿನ ಹೆಸರನ್ನೂ ಬೀದಿಯನ್ನೂ ಆ ನಗರದ ಹಳೆಯ ವ್ಯಾಪಾರಿ ವಿಳಾಸ ಪುಸ್ತಕಗಳೊಡನೆ ಹೋಲಿಸುವುದು. ವರ್ತಕ ಆ ವಿಳಾಸದಲ್ಲಿದ್ದ ವರ್ಷಗಳು ತಿಳಿದರೆ ಜಾಡಿಯ ಕಾಲವೂ ಗೊತ್ತಾಗುತ್ತದೆ.

ಕೆಂಟಕಿಯ ಬಾರ್ಡ್ಸ್‌ಟೌನ್‌ನಲ್ಲಿರುವ ಆಸ್ಕರ್ ಗೆಟ್ಜ್ ವಿಸ್ಕಿ ಇತಿಹಾಸ ಸಂಗ್ರಹಾಲಯದಂಥ ಸಂಸ್ಥೆಗಳು ಈ ಪರಂಪರೆಯ ಒಂದು ಪಾಲನ್ನು ಕಾಪಾಡಿವೆಯಾದರೂ, ಸಣ್ಣ ಊರುಗಳ ವರ್ತಕರ ನೆನಪು ಉಳಿಯಬೇಕಾದರೆ ಖಾಸಗಿ ಸಂಗ್ರಾಹಕರ ಶ್ರದ್ಧೆಯೂ ಬೇಕು. ಜಾಡಿ ಎಲ್ಲಿ ಸಿಕ್ಕಿತು, ಯಾರ ಮನೆಯಿಂದ ಬಂದಿತು ಎಂಬುದನ್ನು ಬರೆದಿಡದೆ ಅದನ್ನು ಬರಿಯ ಅಲಂಕಾರದ ವಸ್ತುವಾಗಿ ಕೈದಾಟಿಸಿದರೆ, ಒಂದು ಊರಿನ ವ್ಯಾಪಾರದ ಚರಿತ್ರೆಗೆ ಉಳಿದಿರಬಹುದಾದ ಕೊನೆಯ ಸಾಕ್ಷ್ಯವೂ ಕೈಬಿಟ್ಟುಹೋಗುತ್ತದೆ.