ಗುರಿ ತಪ್ಪಿದರೆ ಸ್ಕೋಪ್ ಬೈಬೇಡಿ, ಮೌಂಟ್ ನೋಡಿ

ಇಯರ್‌ಫೋನ್ ಹಾಕ್ಕೊಂಡು ರೈಲಲ್ಲಿ ನಿಂತಿರೋರಿಗೆ, ಅದರಲ್ಲೂ ಮಾರಿಕುಪ್ಪಂ ಕಡೆಯಿಂದ ಹೊರಟು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ನಮ್ಮವರಿಗೆ ಒಂದು ಎಕ್ಸ್‌ಟ್ರಾ ನಮಸ್ಕಾರ. ಏರ್ ರೈಫಲ್ ಇಟ್ಕೊಂಡಿರೋ ಹುಡುಗ ಹುಡುಗಿಯರು ನನಗೆ ತಿರುಗಿ ತಿರುಗಿ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಸ್ಕೋಪ್ ಹಾಕಿಸಿದ ಮೇಲೆ ಗುರಿ ಇನ್ನೂ ಕೆಟ್ಟೋಗಿದೆ. ಯಾವ ಸ್ಕೋಪ್ ತಗೊಳ್ಲಿ?" ನನ್ನ ಉತ್ತರ: ಸದ್ಯಕ್ಕೆ ಯಾವುದನ್ನೂ ತಗೋಬೇಡಿ.

ಮೊದಲೇ ಒಂದು ಮಾತು. ನಾನು ಹೇಳ್ತಿರೋದು 4.5 ಮಿ.ಮೀ. ಪೆಲೆಟ್ ಹಾಕೋ, 20 ಜೌಲ್‌ಗಿಂತ ಕಡಿಮೆ ಶಕ್ತಿಯ, ಲೈಸೆನ್ಸ್ ಬೇಕಿಲ್ಲದ ಏರ್ ರೈಫಲ್ ಬಗ್ಗೆ ಮಾತ್ರ. ಲೈಸೆನ್ಸ್ ಬೇಡ ಅಂದ್ರೆ ಆಟದ ಸಾಮಾನು ಅಂತಲ್ಲ. ಕಣ್ಣಿಗೆ ತಗುಲಿದ್ರೆ ಕಣ್ಣು ಹೋಗುತ್ತೆ. ಕಾಗದದ ಟಾರ್ಗೆಟ್, ಅದರ ಹಿಂದೆ ಮರಳಿನ ಮೂಟೆ, ಅಷ್ಟೇ. ನವಿಲು, ಮೊಲ ಅಂತ ಹೋದ್ರೆ 1972ರ ವನ್ಯಜೀವಿ ಕಾಯ್ದೆ ಇದೆ. ಅಂಥವರಿಗೆ ಈ ಕಂತು ಅಲ್ಲ.

ನನ್ನ ಚಿಕ್ಕಮ್ಮನ ಮಗ ಬಂಗಾರಪೇಟೆಯವನು. ಬೆಳಗ್ಗೆ ರೈಲು, ರಾತ್ರಿ ರೈಲು. ಭಾನುವಾರ ಒಂದೇ ಅವನದ್ದು. ಆ ದಿನ ತೋಟದಲ್ಲಿ ಟಾರ್ಗೆಟ್ ಹೊಡೆಯೋದು ಬಿಟ್ರೆ ಬೇರೆ ಚಟ ಇಲ್ಲ (ಪಾನಿಪುರಿ ಬಿಟ್ಟು, ಅದು ಬಂಗಾರಪೇಟೆಯಲ್ಲಿ ಚಟ ಅಲ್ಲ, ಊಟ). ಒಂದು ವರ್ಷ ದುಡ್ಡು ಕೂಡಿಸಿ ಸ್ಪ್ರಿಂಗ್ ರೈಫಲ್ ತಗೊಂಡ, ಆಮೇಲೆ ಸ್ಕೋಪ್. ಅಂಗಡಿಯವರೇ ಕೂರಿಸಿಕೊಟ್ರು. 20 ಮೀಟರ್‌ನಲ್ಲಿ ಮೊದಲ ಹತ್ತು ಏಟು ಚೆನ್ನಾಗಿತ್ತು. ಆಮೇಲೆ ಅಂಗೈ ಅಗಲ ಚದುರೋಕೆ ಶುರು. ಅಂಗಡಿಯವರು ಹೇಳಿದ್ದು, ಸ್ಕೋಪ್ ಒಳಗೆ ಹೋಗಿದೆ, ಇನ್ನೊಂದು ಎಂಟು ಸಾವಿರದ್ದು ತಗೊಳ್ಳಿ. ಅವನಿಗೆ ಅನ್ನಿಸಿದ್ದು ಇನ್ನೂ ಕೆಟ್ಟದ್ದು: ನನ್ನ ಕೈಯೇ ನಡುಗ್ತಿದೆ, ನನಗೆ ಇದು ಬರಲ್ಲ. ರೈಫಲ್ ಮಾರೋಕೆ ಫೋಟೋನೂ ತೆಗೆದಿಟ್ಟಿದ್ದ.

ನಾನು ಬಿಕಾಂ ಓದಿದವನು, ಎಂಜಿನಿಯರ್ ಅಲ್ಲ. ಆದ್ರೆ ಟ್ಯಾಲಿ ಆಗದ ಲೆಕ್ಕ ನೋಡಿದ್ರೆ ಸುಮ್ನೆ ಇರೋಕೆ ಆಗಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಬೀದಿಯ ಒಬ್ಬರು ಅಂಕಲ್ ಇದ್ದಾರೆ, ಬಿಇಎಂಎಲ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಗಣಿ 2001ರಲ್ಲಿ ಮುಚ್ಚಿತು ನಿಜ, ಆದ್ರೆ ಕೆಜಿಎಫ್‌ನಲ್ಲಿ ಸ್ಪ್ಯಾನರ್ ಹಿಡಿಯೋಕೆ ಗೊತ್ತಿರೋ ಕೈಗಳು ಇನ್ನೂ ಇವೆ. ಇಬ್ಬರೂ ಅವರ ಹತ್ರ ಹೋದ್ವಿ. ಅವರು ರೈಫಲ್ ಖಾಲಿ ಇದೆಯಾ ಅಂತ ತಾವೇ ನೋಡಿ ಖಾತ್ರಿ ಮಾಡ್ಕೊಂಡ್ರು, ಕನ್ನಡಕ ಹಣೆ ಮೇಲೆ ಏರಿಸಿದ್ರು. "ತಂಬಿ, ಮೇಲಿರೋದರ ಮೇಲೆ ಯಾಕಪ್ಪಾ ಕೋಪ? ಕೆಳಗೆ ನೋಡು" ಅಂದ್ರು.

ಕೆಳಗೆ, ರೈಲಿನ ಮೇಲೆ, ಒಂದು ಸಣ್ಣ ಹೊಳೆಯೋ ಗೀರು ಇತ್ತು. ಎರಡು ಮಿಲಿಮೀಟರ್. ಅಂದ್ರೆ ಮೌಂಟ್ ಹಿಂದಕ್ಕೆ ಜಾರಿತ್ತು.

ಯಾಕೆ ಅಂತ ಕೇಳಿ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಮುಂದೆ ಹೋಗಿ ನಿಂತಾಗ ರೈಫಲ್ ಮುಂದಕ್ಕೆ. ಆ ಎರಡನೇ ಎಳೆತಕ್ಕೆ ಸ್ಕೋಪ್ ಇದ್ದಲ್ಲೇ ಉಳಿಯೋಕೆ ನೋಡುತ್ತೆ, ರೈಲು ಅದರ ಕೆಳಗಿಂದ ಮುಂದೆ ಜಾರುತ್ತೆ. ಇದನ್ನು ತಡೆಯೋಕೇ ಮೌಂಟಿನ ತಳದಲ್ಲಿ ಒಂದು ಪಿನ್ ಇರುತ್ತೆ, ಅದು ರೈಲಿನ ಮೇಲಿರೋ ತೂತಿನಲ್ಲಿ ಕೂರಬೇಕು. ನಮ್ಮವನ ಮೌಂಟಲ್ಲಿ ಪಿನ್ ಮೇಲಕ್ಕೆ ಎತ್ತೇ ಬಿಟ್ಟಿದ್ರು. ಅದರ ಬದಲು ಮುಂದಿನ ರಿಂಗನ್ನು ಜೀವ ಹೋಗೋ ಹಾಗೆ ಬಿಗಿದಿದ್ರು. ಒಂದು ಕಡೆ ಗ್ಯಾಪ್ ಪೂರ್ತಿ ಮುಚ್ಚಿತ್ತು, ಇನ್ನೊಂದು ಕಡೆ ಬಾಯಿ ಬಿಟ್ಟಿತ್ತು.

ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ತಪ್ಪಾ ಅಂತೀರಾ? ಲೆಕ್ಕ ಹಾಕೋಣ. ಎರಡು ರಿಂಗುಗಳ ನಡುವೆ 100 ಮಿ.ಮೀ. ಅಂತ ಇಟ್ಕೊಳ್ಳಿ. ಒಂದರ ಕೆಳಗೆ ಝೆರಾಕ್ಸ್ ಕಾಗದದ ಒಂದು ತುಂಡು ಇದೆ, ದಪ್ಪ ಸುಮಾರು 0.1 ಮಿ.ಮೀ. ಸಾವಿರಕ್ಕೆ ಒಂದು ಪಾಲು ವಾಲಿದ ಹಾಗಾಯ್ತು. 20 ಮೀಟರ್ ದೂರದಲ್ಲಿ ಅದು 2 ಸೆಂಟಿಮೀಟರ್, 50 ಮೀಟರ್‌ನಲ್ಲಿ 5 ಸೆಂಟಿಮೀಟರ್. ಒಂದೇ ಕಾಗದ!

ಗಣಿ ಸರ್ವೆ ಮಾಡೋರಿಗೆ ಇದು ಹಳೇ ತಲೆನೋವು. ನಮ್ಮ ಚಾಂಪಿಯನ್ ರೀಫ್ 3 ಕಿಲೋಮೀಟರ್‌ಗೂ ಹೆಚ್ಚು ಆಳ ಹೋದ ಗಣಿ. ಮೇಲಿನ ದಿಕ್ಕನ್ನು ಶಾಫ್ಟ್‌ನ ಕೆಳಗೆ ಒಯ್ಯೋಕೆ ತೂಕ ಕಟ್ಟಿದ ಎರಡು ತಂತಿ ಇಳಿಬಿಡೋದು ಗಣಿ ಸರ್ವೆಯ ಹಳೇ ಪದ್ಧತಿ. ಎರಡು ತಂತಿಗಳ ನಡುವೆ ಇರೋ ಜಾಗ ಕೆಲವೇ ಅಡಿ. ಅಲ್ಲಿ ಕೂದಲಷ್ಟು ಸರಿದ್ರೆ, ಆ ದಿಕ್ಕು ಹಿಡಿದು ಕೊರೆದ ಸುರಂಗದ ತುದಿಯಲ್ಲಿ ಅದು ಎಷ್ಟಾಗುತ್ತೆ, ನೀವೇ ಊಹಿಸಿ.

ಅಂಕಲ್ ಮತ್ತೆ ಕೂರಿಸಿದ ರೀತಿ ಹೇಳ್ತೀನಿ. ಎಲ್ಲಾ ಬಿಚ್ಚಿದ್ರು. ರೈಲು, ಮೌಂಟ್ ಎರಡರ ಎಣ್ಣೆ ಜಿಡ್ಡನ್ನೂ ಬಟ್ಟೆಯಲ್ಲಿ ಒರೆಸಿದ್ರು. ಎಣ್ಣೆ ಬಿಟ್ರೆ ಎಷ್ಟು ಬಿಗಿದ್ರೂ ಜಾರುತ್ತೆ. ಪಿನ್ ತೂತಿಗೆ ಇಳಿಸಿ, ಮೌಂಟನ್ನು ಪಿನ್ನಿಗೆ ಒತ್ತಿ ಹಿಡಿದು, ಮೊದಲು ತಳದ ಸ್ಕ್ರೂ ಬಿಗಿ. ಆಮೇಲೆ ಸ್ಕೋಪ್ ಇಟ್ಟು, ಕಣ್ಣಿಗೂ ಗಾಜಿಗೂ ಮಧ್ಯೆ ಮೂರು ನಾಲ್ಕು ಇಂಚು ಬಿಟ್ಟು, ಪೂರ್ತಿ ಚಿತ್ರ ಕಾಣೋ ಜಾಗ ಹುಡುಕಿದ್ರು. ದಾರಕ್ಕೆ ಒಂದು ನಟ್ಟು ಕಟ್ಟಿ ಗೋಡೆಗೆ ಇಳಿಬಿಟ್ಟು, ರೈಫಲ್ಲನ್ನು ವಾಲದ ಹಾಗೆ ನೇರ ಇಟ್ಟು, ಸ್ಕೋಪ್ ಒಳಗಿನ ಉದ್ದ ಗೆರೆಯನ್ನು ಆ ದಾರಕ್ಕೆ ಹೊಂದಿಸಿದ್ರು. ಕೊನೆಗೆ ರಿಂಗಿನ ಸ್ಕ್ರೂ: ಈ ಮೂಲೆ ಕಾಲು ಸುತ್ತು, ಎದುರು ಮೂಲೆ ಕಾಲು ಸುತ್ತು, ಎರಡೂ ಕಡೆ ಗ್ಯಾಪ್ ಸಮ ಇರೋ ಹಾಗೆ. ಕಾರಿನ ಚಕ್ರದ ನಟ್ಟು ಹಾಕ್ತಾರಲ್ಲ, ಹಾಗೇ.

ಅವರ ಒಂದು ಟ್ರಿಕ್ ನನಗೆ ಬಹಳ ಇಷ್ಟ ಆಯ್ತು. ಎಲ್ ಆಕಾರದ ಅಲೆನ್ ಕೀಯ ಉದ್ದ ತುದಿಯನ್ನು ಸ್ಕ್ರೂಗೆ ಹಾಕಿ, ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ತಿರುಗಿಸೋದು. ಜಾಸ್ತಿ ಬಲ ಹಾಕೋಕೆ ಅವಕಾಶವೇ ಸಿಗಲ್ಲ. ಟಾರ್ಕ್ ಕೀ ಇದ್ರೆ ಮೌಂಟಿನ ಜೊತೆ ಬಂದ ಕಾಗದದಲ್ಲಿ ಬರೆದಷ್ಟೇ. ರಿಂಗುಗಳಿಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸು. ಅದಕ್ಕಿಂತ ಬಿಗಿದ್ರೆ ಅಲ್ಯೂಮಿನಿಯಂ ಟ್ಯೂಬ್ ಅಪ್ಪಚ್ಚಿ ಆಗುತ್ತೆ. ಆಮೇಲೆ ನಿಜವಾಗ್ಲೂ ಎಂಟು ಸಾವಿರ ಬೇಕು.

ಇನ್ನು ನೋಡ್ಕೊಳ್ಳೋದು. ಪ್ರತಿ ಸ್ಕ್ರೂ ತಲೆಯಿಂದ ಮೌಂಟಿನ ಮೇಲೆ ನೇಲ್ ಪಾಲಿಶ್‌ನ ಒಂದು ಗೆರೆ ಎಳೀರಿ, ಮೌಂಟಿನ ಹಿಂದೆ ರೈಲಿನ ಮೇಲೆ ಇನ್ನೊಂದು. ಗೆರೆ ಮುರಿದಿದ್ರೆ ಏನೋ ಸರಿದಿದೆ ಅಂತ. ಹೊಸದಾಗಿ ಕೂರಿಸಿದ ಮೇಲೆ ಐವತ್ತು ಏಟಿಗೊಮ್ಮೆ ನೋಡಿ, ಆಮೇಲೆ ತಿಂಗಳಿಗೊಮ್ಮೆ ಸಾಕು. ಸ್ಕೋಪ್ ಹಿಡಿದು ರೈಫಲ್ ಎತ್ತಬೇಡಿ. ಬ್ಯಾಗಿನಲ್ಲಿ ಸ್ಕೋಪ್ ಕೆಳಗಾಗಿ ಮಲಗಿಸಬೇಡಿ. ಅನುಮಾನ ಬಂದ್ರೆ ಸ್ಕೋಪ್ ತೆಗೆದು ಬರೀ ಸೈಟ್‌ನಲ್ಲಿ ಹೊಡೆದು ನೋಡಿ. ಅಲ್ಲಿ ಏಟುಗಳು ಒಟ್ಟಾಗಿ ಬಿದ್ರೆ ನಿಮ್ಮ ಕೈ ಸರಿ ಇದೆ. ಸ್ಕೋಪ್ ಕೊಳ್ಳುವಾಗಲೂ ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತಾ ಅಂತ ಕೇಳಿ. ದೊಡ್ಡ ಬಂದೂಕಿನ ಒದೆತ ತಡೆಯೋ ಸ್ಕೋಪ್ ಕೂಡ ಈ ಎರಡನೇ ಒದೆತಕ್ಕೆ ಕೆಡಬಹುದು.

ಕಾಂಪಿಟೇಶನ್ ಕನಸು ಇರೋರು ಇದನ್ನೂ ಕೇಳಿಸ್ಕೊಳ್ಳಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ದೂರದರ್ಶಕ ಸ್ಕೋಪ್‌ಗೆ ಅವಕಾಶವೇ ಇಲ್ಲ, ಸಣ್ಣ ತೂತಿನ ಪೀಪ್ ಸೈಟ್ ಮಾತ್ರ. ಆ ದಾರಿ ಹಿಡಿಯೋರು ಸ್ಕೋಪಿನ ದುಡ್ಡನ್ನು ಕೋಚಿಂಗ್‌ಗೆ ಇಟ್ಕೊಳ್ಳಿ.

ನಮ್ಮವನು ಆ ಫೋಟೋ ಡಿಲೀಟ್ ಮಾಡಿದ್ದಾನೆ. ಹೋದ ಭಾನುವಾರ 20 ಮೀಟರ್‌ನಲ್ಲಿ ಐದು ಏಟು, ಐದು ರೂಪಾಯಿ ನಾಣ್ಯದ ಅಗಲದಲ್ಲಿ. ಅಂಕಲ್‌ಗೆ ದುಡ್ಡು ಕೊಡೋಕೆ ಹೋದ್ರೆ ಬೈದ್ರು, ಪಾನಿಪುರಿ ಪಾರ್ಸೆಲ್ ಮಾತ್ರ ಇಸ್ಕೊಂಡ್ರು. ಮುಂದಿನ ವಾರ ಪೆಲೆಟ್ ಬಗ್ಗೆ. ನಿಮ್ಮ ಡಬ್ಬಿಯಲ್ಲಿ ಇರೋದರ ತೂಕ ಎಷ್ಟು ಗ್ರೇನ್ ಅಂತ ಅಷ್ಟರಲ್ಲಿ ನೋಡಿಟ್ಕೊಳ್ಳಿ.